ಗಿರಿಜೆಯ ನಿಶ್ಚಿತಾರ್ಥ

ಮಣಿಪಾಲದ ಒಂದು ಮೆಡಿಕಲ್ ಶಾಪಿನ ಕೌಂಟರಿನಲ್ಲಿ ನಾನು ಮೂವತ್ತೊಂದು ವರ್ಷ ನಿಂತವನು. ಡಾಕ್ಟರುಗಳ ಅಕ್ಷರ ಓದಿ ಓದಿ ಪಳಗಿದ ಕಣ್ಣು ನನ್ನದು. ನನಗೆ ಓದಲು ಬಾರದ ಕೈಬರಹ ಈ ಜಿಲ್ಲೆಯಲ್ಲಿ ಇಲ್ಲವೆಂದೇ ನಂಬಿದ್ದೆ. ಇದಕ್ಕೆ ನನ್ನದೇ ಒಂದು ಪದ್ಧತಿ ಇದೆ. ಚೀಟಿ ನೋಡುವ ಮೊದಲು, ಬಂದವರನ್ನು ಎಂತ ತೊಂದರೆ ಎಂದು ಕೇಳಬೇಕು. ಕೆಮ್ಮು ಎಂದರೆ ಸಾಕು, ಚೀಟಿಯಲ್ಲಿ ಕೆಮ್ಮಿನ ಸಿರಪ್ಪಿನ ಹೆಸರು ತಾನಾಗಿ ಕಾಣತೊಡಗುತ್ತದೆ. ನನ್ನ ಹೆಂಡತಿ ವಿಮಲಾ ಇದನ್ನು ಊಹೆ ಎನ್ನುತ್ತಾಳೆ. ನಾನು ಅನುಭವ ಎನ್ನುತ್ತೇನೆ.

ಈ ಅನುಭವದ ಅಗತ್ಯ ಕಳೆದ ವರ್ಷ ನನ್ನ ಅಕ್ಕ ಸುಮತಿಗೆ ಬಿತ್ತು. ಅವಳ ಮಗಳು ಅಶ್ವಿನಿ ಕಡಿಯಾಳಿಯ ಒಂದು ಬ್ಯಾಂಕಿನಲ್ಲಿ ಕೆಲಸದಲ್ಲಿದ್ದಾಳೆ. ಒಳ್ಳೆಯ ಹುಡುಗಿ. ಆದರೆ ಮದುವೆ ಕೂಡಿಬರುತ್ತಿರಲಿಲ್ಲ. ಮೂರು ಮನೆಯವರು ಜಾತಕ ಕೊಂಡುಹೋದರು. ಮೂವರೂ "ಫೋನ್ ಮಾಡ್ತೇವೆ" ಎಂದರು. ಒಬ್ಬರೂ ಮಾಡಲಿಲ್ಲ. ಹೆಣ್ಣಿನ ಕಡೆಯವರು ಮೇಲೆ ಬಿದ್ದು ವಿಚಾರಿಸುವುದು ಚೆಂದವಲ್ಲ ಎಂದು ಅಕ್ಕ ಸುಮ್ಮನಿದ್ದಳು.

ನಮ್ಮದು ಅಳಿಯಕಟ್ಟಿನ, ಅಂದರೆ ತಾಯಿಯ ಕಡೆಯಿಂದ ಸಾಗುವ ಕುಟುಂಬ. ಅಕ್ಕನ ಮಕ್ಕಳ ಮದುವೆಗೆ ಸೋದರಮಾವನೇ ಮುಂದೆ ನಿಲ್ಲಬೇಕು. ನಾನು ನಿಂತೇ ಇದ್ದೆ. ಜಾತಕಗಳನ್ನು ಕೈಯಾರೆ ಬರೆದು, ಕೆಳಗೆ ನನ್ನ ಫೋನ್ ನಂಬರನ್ನೂ ಬರೆದು ಕೊಟ್ಟವನು ನಾನೇ. "ಮಾವ, ಟೈಪ್ ಮಾಡಿ ಕೊಡ್ತೇನೆ" ಎಂದು ಅಶ್ವಿನಿ ಹೇಳಿದ್ದಳು. ಶುಭಕಾರ್ಯಕ್ಕೆ ಕೈಬರಹವೇ ಮರ್ಯಾದೆ ಎಂದು ನಾನು ಒಪ್ಪಿರಲಿಲ್ಲ.

ಕೊನೆಗೆ ಅಕ್ಕ ಜೋಯಿಸರಲ್ಲಿ ಪ್ರಶ್ನೆ ಇಡಿಸಿದಳು. ಕುಟುಂಬದಲ್ಲಿ ಮದುವೆಯಾಗದೆ ತೀರಿಹೋದ ಒಂದು ಹೆಣ್ಣು ಇದ್ದಾಳೆ, ಅವಳ ಮದುವೆ ಮೊದಲು ಆಗಬೇಕು ಎಂದು ಉತ್ತರ ಬಂತು. ನಮ್ಮ ಕಡೆ ಇದು ಹೊಸತಲ್ಲ. ಅಂಥವರಿಗೆ ಬೇರೆ ಕುಟುಂಬದಲ್ಲಿ ಹಾಗೆಯೇ ತೀರಿಹೋದ ಗಂಡನ್ನು ಹುಡುಕಿ, ನಿಶ್ಚಿತಾರ್ಥ, ಮದುವೆ, ಊಟ ಎಲ್ಲವನ್ನೂ ಕ್ರಮವಾಗಿ ಮಾಡುತ್ತಾರೆ. ಆದರೆ ಆ ಹೆಣ್ಣು ಯಾರೆಂದು ನಮ್ಮಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಸದಾ, ಅಶ್ವಿನಿಗೆ ಮೂವತ್ತು ಆಯ್ತು. ನನಗೆ ಊಟ ಸೇರುವುದಿಲ್ಲ ಮಾರಾಯ" ಎಂದು ಅಕ್ಕ ಅಲೆವೂರಿನ ನಮ್ಮ ಮನೆಗೆ ಬಂದು ಕಣ್ಣೀರು ಹಾಕಿದಳು. "ಕಾಪುವಿನ ಹಿರಿಯರ ಮನೆಯಲ್ಲಿ ಕುಟುಂಬದವರ ಹೆಸರು ಬರೆದಿಟ್ಟ ಹಳೆಯ ಪುಸ್ತಕ ಉಂಟಲ್ಲ, ನೀನೊಮ್ಮೆ ಓದು."

"ಒಂದು ಗಂಟೆಯ ಕೆಲಸ" ಎಂದೆ.

ಹನ್ನೊಂದು ದಿನ ಹಿಡಿಯಿತು. ಹಿಂದಿನ ಯಜಮಾನರಾಗಿದ್ದ ದೂಮಣ್ಣ ಮಾವ ಬರೆದದ್ದೆಂದು ಎಲ್ಲರೂ ನಂಬಿದ್ದ ಪುಸ್ತಕ ಅದು. ಅಕ್ಷರಗಳು ತಿಂದು ಬಿಟ್ಟ ಬಂಗುಡೆ ಮೀನಿನ ಮುಳ್ಳಿನಂತೆ ಬಿದ್ದುಕೊಂಡಿದ್ದವು. ಮೊದಲ ಪುಟದಲ್ಲೇ ನಾಲ್ಕು ಜನ ದೂಮಣ್ಣರು. ಯಾರು ಯಾರ ಮಾವ, ಯಾರು ಯಾರ ಅಳಿಯ ಎಂದು ಗೆರೆ ಎಳೆಯುತ್ತಾ ಹೋದರೆ, ಒಬ್ಬ ದೂಮಣ್ಣ ತನಗೆ ತಾನೇ ಸೋದರಮಾವನಾದ. ನಾಲ್ಕನೆಯ ದಿನ ನಾನು ಹುಟ್ಟಿದ್ದು ಯಾವ ಕವಲಿನಲ್ಲಿ ಎಂದು ನನಗೇ ಅನುಮಾನ ಬಂತು. ತಲೆ ಗಿರ್ರೆಂದಿತು.

ಆಗ ನನ್ನ ಪದ್ಧತಿ ನೆನಪಾಯಿತು. ಮೊದಲು ಕಾಯಿಲೆ, ಆಮೇಲೆ ಚೀಟಿ! ಇಲ್ಲಿ ಕಾಯಿಲೆ ಗೊತ್ತೇ ಇತ್ತಲ್ಲ. ಮದುವೆಯಾಗದ ಹೆಣ್ಣು. ಅದನ್ನೇ ಮನಸ್ಸಿನಲ್ಲಿಟ್ಟು ಪುಟ ತಿರುಗಿಸಿದೆ. ಕೊನೆಯ ಪುಟದ ಕೊನೆಯ ಸಾಲಿನಲ್ಲಿ ಅವಳು ಸಿಕ್ಕಿಯೇ ಬಿಟ್ಟಳು. ಗಿರಿಜಾ. ಮುಂದೆ ಎರಡು ನಡುಗಿದ ಪದಗಳು. ಪಕ್ಕದಲ್ಲಿ ಒಂದು ಅಂಕಿ.

"ಮದುವೆಯಾಗದೆ ತೀರಿಕೊಂಡದ್ದು. ವಯಸ್ಸು ಇಪ್ಪತ್ತಾರು" ಎಂದು ಗಟ್ಟಿಯಾಗಿ ಓದಿದೆ.

ವಿಮಲಾ ಬಗ್ಗಿ ನೋಡಿದಳು. "ನನಗೆ ಮೊದಲಿನ 'ಮ' ಒಂದು ಕಾಣ್ತದೆ. ಉಳಿದದ್ದು ನೀವು ಎಲ್ಲಿಂದ ತಂದದ್ದು?"

"ಅನುಭವದಿಂದ."

ಅಕ್ಕ ಪುಸ್ತಕಕ್ಕೆ ಕೈಮುಗಿದಳು. ಪಾಪದ ಹುಡುಗಿ, ಇಷ್ಟು ವರ್ಷ ಯಾರೂ ನೆನೆಯಲಿಲ್ಲ ಎಂದು ಅತ್ತಳು.

ಗಂಡು ಕಾರ್ಕಳದಲ್ಲಿ ಸಿಕ್ಕಿದ. ಅಲ್ಲಿನ ಶೇಖರಣ್ಣನ ಸೋದರಮಾವ ಬಹಳ ಹಿಂದೆ ಮದುವೆಗೆ ಮೊದಲೇ ತೀರಿಹೋದವರು. ಅವರಿಗೂ ಹೆಣ್ಣು ಹುಡುಕುತ್ತಿದ್ದರು. ನಾನೇ ಹೋಗಿ ಮಾತಾಡಿ, ಚೀಟಿಯಲ್ಲಿ ನನ್ನ ನಂಬರ್ ಬರೆದುಕೊಟ್ಟು ಬಂದೆ. ವಾರವಾದರೂ ಅವರು ಫೋನ್ ಮಾಡಲಿಲ್ಲ. ಶೇಖರಣ್ಣನ ನಂಬರ್ ನನ್ನಲ್ಲಿತ್ತು. ಈ ಸಲ ಮರ್ಯಾದೆ ನೋಡದೆ ನಾನೇ ಮಾಡಿದೆ.

"ಸದಾನಂದಣ್ಣ, ಎಲ್ಲ ಸರಿ" ಎಂದರು ಶೇಖರಣ್ಣ. "ಆದರೆ ನಮ್ಮ ಮಾವ ಹೋಗುವಾಗ ಇಪ್ಪತ್ತೆರಡು. ಹುಡುಗಿ ನಾಲ್ಕು ವರ್ಷ ದೊಡ್ಡವಳಾದರೆ ಹೇಗೆ? ಮನೆಯ ಹೆಂಗಸರು ಒಪ್ಪುವುದಿಲ್ಲ."

ಭೂತಗನ್ನಡಿ ಹಿಡಿದು ಪುನಃ ನೋಡಿದೆ. ಅದು ಇಪ್ಪತ್ತಾರು ಅಲ್ಲವೇ ಅಲ್ಲ, ಹದಿನಾರು ಎಂದು ನಿಚ್ಚಳವಾಗಿ ಕಂಡಿತು. ಸಂಬಂಧ ಕುದುರಿತು.

ಒಂದು ಆದಿತ್ಯವಾರ ಬೆಳಿಗ್ಗೆ ಕಾಪುವಿನ ಮನೆಯಲ್ಲಿ ನಿಶ್ಚಿತಾರ್ಥ. ಚಾವಡಿಯಲ್ಲಿ ಎರಡು ಮಣೆ. ಒಂದರ ಮೇಲೆ ಗಂಡಿನ ಪಂಚೆ, ಅಂಗಿ. ಇನ್ನೊಂದರ ಮೇಲೆ ಅಕ್ಕ ಉಡುಪಿಯಲ್ಲಿ ಆರಿಸಿ ತಂದ ಹಸಿರು ಸೀರೆ, ಬಳೆ, ಮಲ್ಲಿಗೆ. ಕುಟುಂಬದ ಎಲ್ಲ ಕವಲಿನವರೂ ಬಂದಿದ್ದರು. ನಾನು ಪುಸ್ತಕ ಹಿಡಿದು ನಡುವೆ ನಿಂತಿದ್ದೆ.

ಆಗ ರಿಕ್ಷಾದಲ್ಲಿ ಮಟ್ಟು ಅಜ್ಜಿ ಬಂದರು. ನಮ್ಮ ಅಜ್ಜಿಯ ಕೊನೆಯ ತಂಗಿ. ವಯಸ್ಸು ಎಂಬತ್ತೆಂಟು. ಮಟ್ಟುವಿನಲ್ಲಿ ಗಂಡನ ಮನೆ, ಹಾಗಾಗಿ ಮಟ್ಟು ಅಜ್ಜಿ. ಕುಟುಂಬದಲ್ಲಿ ಒಂದು ಮದುವೆ ಉಂಟು ಬನ್ನಿ ಎಂದು ನಾನೇ ಹೋಗಿ ಹೇಳಿ, ಅವರು ಬಡಿಸಿದ ಗುಳ್ಳದ ಸಾಂಬಾರು ಉಂಡು ಬಂದಿದ್ದೆ. ಈಗಲೂ ಒಂದು ಚೀಲ ಗುಳ್ಳ ಬದನೆ ತಂದಿದ್ದರು.

"ಅಶ್ವಿನಿಯದ್ದಲ್ವಾ? ಮತ್ತೆ ಹುಡುಗಿ ಯಾರು ಮಗಾ?" ಎಂದು ಮಣೆಯ ಮೇಲೆ ಬರೀ ಸೀರೆ ಕಂಡು ನನ್ನನ್ನು ಕೇಳಿದರು.

"ತೀರಿಹೋದವರು ಅಜ್ಜಿ. ನಮ್ಮ ಗಿರಿಜಾ."

ಅಜ್ಜಿ ಚೀಲ ಕೆಳಗಿಟ್ಟರು. "ಯಾವ ಗಿರಿಜಾ? ಈ ಕುಟುಂಬದಲ್ಲಿ ಗಿರಿಜಾ ಅಂತ ಇದ್ದದ್ದು ನಾನೊಬ್ಬಳೇ."

ನಾನು ಅಕ್ಕನ ಮುಖ ನೋಡಿದೆ, ಅಕ್ಕ ನನ್ನ ಮುಖ ನೋಡಿದಳು. ಹುಟ್ಟಿದಾಗಿನಿಂದ ಮಟ್ಟು ಅಜ್ಜಿ ಎಂದೇ ಕರೆದವರು ನಾವು. ಅವರಿಗೊಂದು ಹೆಸರು ಇರಬಹುದೆಂದು ಯಾರಿಗೂ ಹೊಳೆದಿರಲಿಲ್ಲ.

ಅಜ್ಜಿ ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು, ಕನ್ನಡಕವೂ ಇಲ್ಲದೆ ಓದಿದರು. "'ಗಿರಿಜಾ, ಮಟ್ಟುವಿಗೆ ಕೊಟ್ಟದ್ದು.' ದೂಮಣ್ಣ ಮಾವ ಹೇಳಿದ್ದು, ನಾನು ಬರೆದದ್ದು. ಇಡೀ ಪುಸ್ತಕ ನನ್ನದೇ ಅಕ್ಷರ. ಈ ಸಾಲು ಬರೆದದ್ದು ದಿಬ್ಬಣ ಹೊರಡುವ ದಿನ. ಕೈ ನಡುಗಿತ್ತು."

"ಆ ಹದಿನಾರು?" ಎಂದೆ.

"ಅದು ಪುಟದ ನಂಬ್ರ."

ವಿಮಲಾ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅಕ್ಕನಿಗೆ ಮಾತ್ರ ನಗು ಬರಲಿಲ್ಲ. "ಹಾಗಾದರೆ ತೀರಿಹೋದ ಹುಡುಗಿ ಯಾರಜ್ಜಿ?" ಎಂದು ಕೇಳಿದಳು.

ಅಜ್ಜಿ ಹದಿನಾರು ಪುಟವನ್ನೂ ಓದಿದರು. "ಅಂಥವಳು ಇದರಲ್ಲಿ ಯಾರೂ ಇಲ್ಲ."

"ಮತ್ತೆ ನಮ್ಮ ಹುಡುಗಿಯ ಜಾತಕ ಕೊಂಡುಹೋದವರು ಒಬ್ಬರೂ ಯಾಕೆ ಫೋನ್ ಮಾಡುವುದಿಲ್ಲ?" ಅಕ್ಕನ ದನಿ ಒಡೆಯಿತು.

ಶೇಖರಣ್ಣ ಕೆಮ್ಮಿದರು. ಕಿಸೆಯಿಂದ ಒಂದು ಚೀಟಿ ತೆಗೆದರು. "ಹಳೆಯ ಅಕ್ಷರ ಓದುವವರು ನೀವು. ಇದನ್ನೊಂದು ಓದಿ ಅಮ್ಮ. ಸದಾನಂದಣ್ಣ ಬರೆದುಕೊಟ್ಟ ನಂಬರು. ಅವರೇ ಫೋನ್ ಮಾಡುವ ಮೊದಲು ನಾನು ಮೂರು ದಿನ ಮಾಡಿದ್ದೇನೆ. ಪ್ರತಿ ಸಲ ಯಾವುದೋ ಐಸ್ ಫ್ಯಾಕ್ಟರಿ ಸಿಗ್ತದೆ."

ಅಜ್ಜಿ ಚೀಟಿಯನ್ನು ಹತ್ತಿರ ಹಿಡಿದರು, ದೂರ ಹಿಡಿದರು, ತಲೆಕೆಳಗಾಗಿ ಹಿಡಿದರು. "ಇದು ಯಾವ ಕಾಲದ್ದು ಮಾರಾಯ?" ಎಂದರು.

ಅಶ್ವಿನಿ ನನ್ನ ಪಕ್ಕ ಬಂದು ನಿಂತಳು. "ಮಾವ, ಮೂರು ಜಾತಕದ ಕೆಳಗೆ ನಂಬರ್ ಬರೆದದ್ದೂ ನೀವೇ ಅಲ್ವಾ?" ಎಂದು ಮೆಲ್ಲನೆ ಕೇಳಿದಳು. ನಾನು ಮಣೆಯ ಮೇಲಿದ್ದ ಬಳೆಗಳನ್ನು ಎಣಿಸುತ್ತಿದ್ದೆ. ಇಷ್ಟು ಕಾಲ ಆ ಹುಡುಗಿಯ ಮದುವೆಗೆ ಅಡ್ಡ ನಿಂತ ಆತ್ಮ ಜೀವಂತವಾಗಿಯೇ ಬಳೆ ಎಣಿಸುತ್ತಾ ನಿಂತಿತ್ತು, ಅದಕ್ಕೆ ಶುಗರ್ ಒಂದು ಬಿಟ್ಟರೆ ಬೇರೆ ತೊಂದರೆ ಇರಲಿಲ್ಲ.

ಕಾರ್ಕಳದವರು ಗುಳ್ಳದ ಸಾಂಬಾರಿನಲ್ಲಿ ಊಟ ಮಾಡಿ, ಗಂಡಿನ ಪಂಚೆ ಮಡಚಿಕೊಂಡು, ಬೇರೆ ಹೆಣ್ಣು ಹುಡುಕಲು ಹೋದರು. ಹಸಿರು ಸೀರೆಯನ್ನು "ನನ್ನ ಹೆಸರಿಗೆ ತಂದದ್ದು ತಾನೇ?" ಎಂದು ಅಜ್ಜಿ ಚೀಲಕ್ಕೆ ಹಾಕಿಕೊಂಡರು.

ಮರುದಿನ ಅಶ್ವಿನಿ ಜಾತಕ ಟೈಪ್ ಮಾಡಿ, ತನ್ನ ನಂಬರ್ ಹಾಕಿ, ಮೂರೂ ಮನೆಗಳಿಗೆ ಪುನಃ ಕಳುಹಿಸಿದಳು. ಎರಡನೆಯ ಮನೆಯವರು ಸಂಜೆಯೇ ಫೋನ್ ಮಾಡಿದರು. ಹೆಣ್ಣಿನ ಕಡೆಯವರಿಗೆ ಐಸ್ ಫ್ಯಾಕ್ಟರಿ ಉಂಟು, ಅಷ್ಟು ದೊಡ್ಡವರ ಸಂಬಂಧ ನಮಗಾಗದು ಎಂದು ಅವರು ಇಷ್ಟು ದಿನ ಹೆದರಿದ್ದರಂತೆ.

ಮುಂದಿನ ತಿಂಗಳು ಮದುವೆ. ಅಕ್ಕ ಎರಡು ಸಲ ಬಡಿಸಿಕೊಂಡು ಊಟ ಮಾಡುತ್ತಾಳೆ. ಆಮಂತ್ರಣದ ಲಕೋಟೆಗಳ ಮೇಲೆ ವಿಳಾಸ ಬರೆಯಲು ಮಟ್ಟು ಅಜ್ಜಿಯನ್ನು ಕರೆತಂದಿದ್ದಾರೆ. ಗೋಂದು ಹಚ್ಚುವ ಕೆಲಸ ನನ್ನದು. ಸೋದರಮಾವ ಎಂದು ಪತ್ರಿಕೆಯಲ್ಲಿ ನನ್ನ ಹೆಸರೂ ಇದೆ. ಅಚ್ಚಿನಲ್ಲಿ ಇರುವುದರಿಂದ ಎಲ್ಲರಿಗೂ ಓದಲು ಬರುತ್ತದೆ.