ಲ್ಯಾಪ್‌ಟಾಪ್‌ಗೆ ಜೋಡಿಸುವ ಸಾಮಾನುಗಳ ಸೇವಾ ಹಿರಿತನ ಕುರಿತು

ಪಾಳಿ ದಾಖಲು ಘಟಕ, ಹುಕ್ಕೇರಿ
(ಇಲಾಖೆಯ ಹೆಸರನ್ನು ಇಲಾಖೆಯ ಕೋರಿಕೆಯ ಮೇರೆಗೆ ಕೈಬಿಡಲಾಗಿದೆ)

ಸಂಖ್ಯೆ: ಪಾದಾಘ/ಹು/ಎಚ್ಚರಿಕೆ/07/ಮರು-ಎಚ್ಚರಿಕೆ/02
ದಿನಾಂಕ: ಲ್ಯಾಪ್‌ಟಾಪ್ ತೋರಿಸುವ ದಿನಾಂಕವೇ ಅಧಿಕೃತ

ವಿಷಯ: ಯುಎಸ್‌ಬಿ ಕಿಂಡಿಗೆ ಜೋಡಿಸಿದ ಉಪಕರಣಗಳು ಹೆಚ್ಚು ವಿದ್ಯುತ್ ಎಳೆಯುತ್ತಿವೆ ಎಂದು ಲ್ಯಾಪ್‌ಟಾಪ್ ನೀಡುತ್ತಿರುವ ಎಚ್ಚರಿಕೆಯನ್ನು ನಿವಾರಿಸುವ, ನಿವಾರಿಸಲಾಗದಿದ್ದಲ್ಲಿ ನಿಭಾಯಿಸುವ, ಅದೂ ಆಗದಿದ್ದಲ್ಲಿ ಯಾರಾದರೊಬ್ಬರ ತಲೆಗೆ ಕಟ್ಟುವ ಬಗ್ಗೆ.

ಉಲ್ಲೇಖ:
(1) ಗೋಡೆಯ ಪ್ಲಗ್‌ಗಳಿಗೆ ಮೊಹರು ಹಾಕಿದ ಈ ಕಚೇರಿಯ ಹಿಂದಿನ ಸುತ್ತೋಲೆ.
(2) ತೆರೆಯ ಮೇಲೆ ಮೂಡಿದ ಎಚ್ಚರಿಕೆ (ಸಹಿ, ಮೊಹರು, ಜಾವಕ ಸಂಖ್ಯೆ ಯಾವುದೂ ಇಲ್ಲದ್ದು).
(3) ಘೋಡಗೇರಿಯ ಶಿವಗಂಗವ್ವ ಅವರ ಮೌಖಿಕ ದೂರು (ಹೊರಗಿನ ರಸ್ತೆಯವರೆಗೂ ಕೇಳಿಸಿದ್ದು).

ಈ ಘಟಕದ ಅಧಿಕಾರಿಗಳು, ಸಿಬ್ಬಂದಿ ಹಾಗೂ ಕಿಟಕಿಯಲ್ಲಿ ಇಣುಕುವ ಸಾರ್ವಜನಿಕರ ಗಮನಕ್ಕೆ:

ಕಾಲುವೆ ನೀರಿನ ಪಾಳಿ ಬಂದ ರೈತರು ಆ ವಾರದ ಶನಿವಾರ ಸಂಜೆ ಕಚೇರಿಯ ಬಾಗಿಲು ಹಾಕುವುದರೊಳಗೆ ಇಲ್ಲಿಗೆ ಬಂದು ಹೆಬ್ಬೆರಳು ಒತ್ತತಕ್ಕದ್ದು. ಬೆರಳು ದಾಖಲಾದ ಮೇಲೆಯೇ ಅವರ ಹೊಲದ ತೂಬು ತೆಗೆಯತಕ್ಕದ್ದು. ದಾಖಲಾಗದಿದ್ದರೆ ನೀರು ಮುಂದಿನವರ ಹೊಲಕ್ಕೆ ಹೋಗತಕ್ಕದ್ದು ಎಂಬುದು ಜಾರಿಯಲ್ಲಿರುವ ಪದ್ಧತಿ. ಬೆರಳು ಓದುವ ಯಂತ್ರವು ಬೆಲ್ಲದ ಅಚ್ಚಿನಷ್ಟು ಚಿಕ್ಕದಿದ್ದು, ಕಚೇರಿಯ ಏಕೈಕ ಲ್ಯಾಪ್‌ಟಾಪ್‌ನ ಕಿಂಡಿಯಿಂದ ವಿದ್ಯುತ್ ಪಡೆದು ಬದುಕುತ್ತದೆ. ಇವೆರಡನ್ನೂ ನೋಡಿಕೊಳ್ಳುವವರು ಹೊರಗುತ್ತಿಗೆಯ ಮೇಲಿರುವ ಗಣಕಯಂತ್ರ ನಿರ್ವಾಹಕಿ ಶ್ರೀಮತಿ ಭಾಗ್ಯಾ. ಈ ಸುತ್ತೋಲೆಯ ತಲೆನೋವಿಗೆಲ್ಲ ಸದರಿಯವರೇ ಮೂಲವೆಂದು ಆರಂಭದಲ್ಲಿಯೇ ದಾಖಲಿಸಲಾಗಿದೆ.

1. ವಿದ್ಯುತ್ ಉಳಿತಾಯದ ದೃಷ್ಟಿಯಿಂದ, ಲ್ಯಾಪ್‌ಟಾಪ್‌ನದೊಂದನ್ನು ಬಿಟ್ಟು ಗೋಡೆಯ ಎಲ್ಲ ಪ್ಲಗ್‌ಗಳಿಗೆ ಅರಗಿನ ಮೊಹರು ಹಾಕಲಾಗಿದೆ. ತದನಂತರ ಸಿಬ್ಬಂದಿಯವರು ತಮ್ಮ ಸಾಮಾನುಗಳನ್ನು ಲ್ಯಾಪ್‌ಟಾಪ್‌ಗೇ ಜೋಡಿಸಿಕೊಂಡಿದ್ದು, ಹಾಗೆ ಪಡೆದ ವಿದ್ಯುತ್ತು ಸರ್ಕಾರದ್ದಲ್ಲ, ಲ್ಯಾಪ್‌ಟಾಪ್‌ನ ಸ್ವಂತ ದುಡಿಮೆಯದು ಎಂದು ಲೆಕ್ಕಪರಿಶೋಧಕರಿಗೆ ಉತ್ತರಿಸಲಾಗಿದೆ. ಕಿಂಡಿ ಒಂದೇ ಇದ್ದುದರಿಂದ ಗೋಕಾಕದ ಪೇಟೆಯಿಂದ, ಅದಕ್ಕೆ ಏಳು ಬಾಯಿ ಮಾಡಿಕೊಡುವ ಹಬ್ ತರಿಸಲಾಗಿದೆ. “ಬಾಯಿ ಹೆಚ್ಚಾದ್ರ ರೊಟ್ಟಿ ಹೆಚ್ಚಾಗಂಗಿಲ್ರಿ ಸರ್” ಎಂದು ಭಾಗ್ಯಾ ಅಂದೇ ಹೇಳಿದ್ದರು. ಹೊರಗುತ್ತಿಗೆಯವರ ಅಭಿಪ್ರಾಯಕ್ಕೆ ಕಡತದಲ್ಲಿ ಪ್ರತ್ಯೇಕ ಹಾಳೆ ಇಲ್ಲದ ಕಾರಣ ಅದನ್ನು ಪರಿಗಣಿಸಲಾಗಿಲ್ಲ.

2. ಹಬ್ ಬಂದ ವಾರವೇ ತೆರೆಯ ಮೇಲೆ, “ಯುಎಸ್‌ಬಿ ಉಪಕರಣಗಳನ್ನು ನಿಲ್ಲಿಸಲಾಗಿದೆ. ಹೆಚ್ಚು ವಿದ್ಯುತ್ ಬಳಸುತ್ತಿರುವ ಉಪಕರಣವನ್ನು ತೆಗೆಯಿರಿ” ಎಂಬ ಎಚ್ಚರಿಕೆ ಮೂಡಿತು. ಬರೆದವರ ಹೆಸರಿಲ್ಲ, ವಿಳಾಸವಿಲ್ಲ. ಆದಕಾರಣ ಇದನ್ನು ಮೂಗರ್ಜಿ ಎಂದು ಪರಿಗಣಿಸಿ ಮುಕ್ತಾಯಗೊಳಿಸಲಾಯಿತು. ಮುಕ್ತಾಯಗೊಳಿಸಿದ ಮೇಲೂ ಎಚ್ಚರಿಕೆ ಬರುತ್ತಲೇ ಇದ್ದುದನ್ನು ಅಶಿಸ್ತು ಎಂದು ಭಾವಿಸಲಾಗಿದೆ.

3. ನೆರೆಯ ಘಟಕಗಳ ಅನುಭವವನ್ನು ಪಡೆಯಲಾಯಿತು. ಗೋಕಾಕ ಘಟಕದಲ್ಲಿ ಎಚ್ಚರಿಕೆ ಮೂಡುವ ಮೂಲೆಗೆ ಹಳೆಯ ಕ್ಯಾಲೆಂಡರಿನ ಚೂರು ಅಂಟಿಸಿದ್ದು, ಅಂದಿನಿಂದ ಎಚ್ಚರಿಕೆ ಬಂದಿಲ್ಲವೆಂದು ವರದಿಯಾಗಿದೆ. ಮೂಡಲಗಿ ಘಟಕದಲ್ಲಿ ಲ್ಯಾಪ್‌ಟಾಪನ್ನೇ ಚಾಲೂ ಮಾಡುತ್ತಿಲ್ಲವಾದ್ದರಿಂದ ಅದನ್ನು ‘ಶೂನ್ಯ ಎಚ್ಚರಿಕೆ ಘಟಕ’ ಎಂದು ಘೋಷಿಸಿ ಶಾಲು ಹೊದಿಸಲು ಶಿಫಾರಸು ಮಾಡಲಾಗಿದೆ. ಹುಕ್ಕೇರಿಯಲ್ಲಿ ಮಾತ್ರ ಭಾಗ್ಯಾ ಅವರು ಪ್ರತಿದಿನ ಬಂದು ಲ್ಯಾಪ್‌ಟಾಪ್ ಚಾಲೂ ಮಾಡುವ ದುರಭ್ಯಾಸ ಹೊಂದಿರುತ್ತಾರೆ.

4. ಲ್ಯಾಪ್‌ಟಾಪ್ ಮಾರಿದ ಅಂಗಡಿಯವರನ್ನು ಫೋನಿನಲ್ಲಿ ವಿಚಾರಿಸಲಾಗಿ, ಎಲ್ಲ ಉಪಕರಣಗಳನ್ನು ತೆಗೆದು, ಒಂದೊಂದಾಗಿ ಮರಳಿ ಜೋಡಿಸಿ, ಯಾವುದನ್ನು ಜೋಡಿಸಿದಾಗ ಎಚ್ಚರಿಕೆ ಬರುತ್ತದೆಯೋ ನೋಡಬೇಕೆಂದು ತಿಳಿಸಿದರು. ಯಾವ ಕ್ರಮದಲ್ಲಿ ಜೋಡಿಸಬೇಕೆಂದು ಅವರು ತಿಳಿಸಲಿಲ್ಲ. ಅಂಗಡಿಯವರಿಗೆ ಆಡಳಿತದ ಅನುಭವ ಇಲ್ಲದ್ದೇ ಇದಕ್ಕೆ ಕಾರಣ. ಈ ಕೊರತೆಯನ್ನು ತುಂಬಿ, ಸೇವಾ ಹಿರಿತನದ ಮೇಲೆ ಕೆಳಕಂಡಂತೆ ಜೋಡಿಸಲು ಈ ಮೂಲಕ ಸೂಚಿಸಲಾಗಿದೆ:

(ಅ) ಘಟಕಾಧಿಕಾರಿಗಳಾದ ಸಾಹೇಬರ ಮೇಜಿನ ಫ್ಯಾನು.
(ಆ) ಈ ಕರಡು ಬರೆದ ಅಧೀಕ್ಷಕ ಶ್ರೀಶೈಲ ಅವರ, ಚಹಾದ ಕಪ್ಪನ್ನು ಬಿಸಿಯಾಗಿಡುವ ತಟ್ಟೆ.
(ಇ) ಗುಮಾಸ್ತ ಪ್ರಭು ಅವರ ಮೊಬೈಲು, ಹಾಗೂ ಅವರು ಬಸವಣ್ಣನವರ ಫೋಟೊಕ್ಕೆ ಸುತ್ತಿರುವ ಬಣ್ಣದ ದೀಪದ ಸರ. ಬಸವಣ್ಣನವರು ಹನ್ನೆರಡನೆಯ ಶತಮಾನದಿಂದ ಇರುವುದರಿಂದ ದೀಪದ ಸರವು ಸಾಹೇಬರ ಫ್ಯಾನಿಗಿಂತ ಮೇಲೆ ಬರಬೇಕೆಂಬ ಪ್ರಭು ಅವರ ಮನವಿ ಪರಿಶೀಲನೆಯಲ್ಲಿದೆ.
(ಈ) ಬೆರಳಿನ ಯಂತ್ರ. ಇದು ಹೋದ ವರ್ಷ ಬಂದದ್ದು. ಖಾಯಂ ಆಗಿರುವುದಿಲ್ಲ.

5. ಮೇಲಿನ ಕ್ರಮದಲ್ಲಿ ಜೋಡಿಸಲಾಗಿ, ಫ್ಯಾನಿಗೆ ಎಚ್ಚರಿಕೆ ಬರಲಿಲ್ಲ, ತಟ್ಟೆಗೆ ಬರಲಿಲ್ಲ, ಮೊಬೈಲಿಗೂ ದೀಪಕ್ಕೂ ಬರಲಿಲ್ಲ. ಬೆರಳಿನ ಯಂತ್ರವನ್ನು ಜೋಡಿಸಿದ ಕೂಡಲೇ ಬಂದಿತು. ಮತ್ತೆ ಮತ್ತೆ ನೋಡಿದರೂ ಹಾಗೆಯೇ. ಅಪರಾಧಿ ಸಿಕ್ಕಿದ ಸಂತೋಷಕ್ಕೆ ಚಹಾ ತರಿಸಲಾಯಿತು. “ಕಡೀ ಪಂಕ್ತಿಗೆ ಕುಂತಾವ ಎಲ್ಲಾರೂ ಉಂಡದ್ದಕ್ಕ ಜವಾಬು ಕೊಡಬೇಕೇನ್ರಿ? ಮೊದಲ ಇದನ್ನ ಹಚ್ಚಿ ನೋಡ್ರಿ” ಎಂದು ಭಾಗ್ಯಾ ಕೇಳಿದರು. ಕಿರಿಯ ಉಪಕರಣವನ್ನು ಮೊದಲು ಜೋಡಿಸಿದರೆ ರಾಜ್ಯದಾದ್ಯಂತ ಬಡ್ತಿ ಪ್ರಕರಣಗಳು ಮರುಜೀವ ಪಡೆಯುವ ಸಂಭವವಿರುವುದರಿಂದ ಸದರಿ ಸಲಹೆಯನ್ನು ತಿರಸ್ಕರಿಸಲಾಗಿದೆ. ಅವರು ಹೊರಗೆ ಹೋಗುವಾಗ ‘ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ’ ಎಂದು ಗೊಣಗಿದ್ದು ಗಮನಕ್ಕೆ ಬಂದಿದ್ದು, ಜಾನುವಾರು ಸಂಬಂಧಿತ ಗಾದೆಗಳನ್ನು ಕಚೇರಿ ವೇಳೆಯಲ್ಲಿ ನಿಷೇಧಿಸಲಾಗಿದೆ.

6. ಬೆರಳಿನ ಯಂತ್ರಕ್ಕೆ ಕಾರಣ ಕೇಳುವ ನೋಟಿಸು ಅಂಟಿಸಲಾಯಿತು. ಉತ್ತರ ಬರಲಿಲ್ಲ. ಮೌನವನ್ನು ಒಪ್ಪಿಗೆಯೆಂದು ತಿಳಿದು ಅದನ್ನು ಅಮಾನತ್ತಿನಲ್ಲಿಟ್ಟು ಕಪಾಟಿಗೆ ಸೇರಿಸಲಾಯಿತು. ಅಮಾನತ್ತಿನ ಅವಧಿಯಲ್ಲಿ ಜೀವನಾಧಾರವಾಗಿ ಅರ್ಧದಷ್ಟು ನೀಡಬೇಕೆಂಬ ನಿಯಮವಿರುವುದರಿಂದ, ದಿನಕ್ಕೊಮ್ಮೆ ಅದನ್ನು ಹೊರತೆಗೆದು ಪ್ಲಗ್ಗನ್ನು ಅರ್ಧ ಮಾತ್ರ ಕಿಂಡಿಗೆ ತೂರಿಸತಕ್ಕದ್ದು. ಉಪಕರಣಗಳ ಜೋಡಣೆಯನ್ನು ಯಾರಾದರೂ ಮುಟ್ಟಿದಲ್ಲಿ ಅವರನ್ನು ಆ ಕ್ಷಣವೇ ಕೆಲಸದಿಂದ ತೆಗೆಯಲಾಗುವುದೆಂದು ಸಾಹೇಬರು ಭಾಗ್ಯಾ ಅವರ ಕಡೆಗೆ ನೋಡುತ್ತ ಎಲ್ಲರಿಗೂ ತಿಳಿಸಿರುತ್ತಾರೆ.

7. ಹೀಗೆ ಎಲ್ಲವೂ ಸುಸೂತ್ರವಾಗಿ ನಡೆದಿರುವಾಗ ಘೋಡಗೇರಿಯ ಶಿವಗಂಗವ್ವ ಅವರ ಪಾಳಿಯ ವಾರ ಬಂದಿತು. ಆಕೆ ಮೆಣಸಿನ ಅಗಿ ನಾಟಿ ಮಾಡಿ ಕುಳಿತಿದ್ದು, ಎಳೆಯ ಸಸಿಗೆ ನೀರು ತಡೆಯುವಂತಿರಲಿಲ್ಲ. ಸೋಮವಾರ ಬಂದರು. “ನಾಳಿ ಬರ್ರಿ ಅವ್ವಾರ” ಎಂದು ಭಾಗ್ಯಾ ಕಳಿಸಿದರು. ಮರುದಿನ ಬಂದರು, ಅದೇ ಮಾತು. ಹೇಳುವಾಗ ಭಾಗ್ಯಾ ಅವರಿಗೆ ಆ ಮುದುಕಿಯ ಮುಖ ನೋಡಲು ನಾಚಿಕೆಯಾಗುತ್ತಿತ್ತೆಂದೂ, ಬಸ್ಸಿನ ಕಡೆಗೆ ಆಕೆ ನಡೆದುಹೋಗುವುದನ್ನು ಕಿಟಕಿಯಿಂದ ನೋಡುತ್ತ ನಿಲ್ಲುತ್ತಿದ್ದರೆಂದೂ ತಿಳಿದುಬಂದಿದೆ. ಸದರಿ ನಾಚಿಕೆಗೆ ನಿಗದಿತ ನಮೂನೆ ಇಲ್ಲ.

8. ಶನಿವಾರ ಶಿವಗಂಗವ್ವ ಬಂದವರು ಸೆರಗಿನಿಂದ ಒಂದು ಬಾಡಿದ ಸಸಿಯನ್ನು ತೆಗೆದು ಭಾಗ್ಯಾ ಅವರ ಮೇಜಿನ ಮೇಲಿಟ್ಟರು. ಅನಂತರ ಮಾತಾಡಿದರು. ಉಲ್ಲೇಖ (3)ರ ಪೂರ್ಣಪಾಠ ಹೀಗಿದೆ: “ಯವ್ವಾ, ನನ್ನ ಬೆರಳೇನ ಕಳುವ ಮಾಡೇತೇನ? ಫ್ಯಾನಿಗೆ ಕರೆಂಟ್ ಐತಿ, ಚಾದ ಕಪ್ಪಿಗೆ ಕರೆಂಟ್ ಐತಿ, ನನ್ನ ಹೆಬ್ಬಟ್ಟಿಗೆ ಅಷ್ಟ ಇಲ್ಲೇನ? ಬಸವಣ್ಣ ಯಾವಾಗ ಕೇಳ್ಯಾನ ಈ ಕೆಂಪು ಹಸರು ದೀಪಾ? ಇವತ್ತ ಪಾಳಿ ಹೋತಂದ್ರ ಹೊಲದಾಗ ಒಂದ ಅಗಿನೂ ಉಳಿಯೂದಿಲ್ಲ.” ಈ ಮಾತಿನ ವೇಳೆ ಗುಮಾಸ್ತ ಪ್ರಭು ಅವರು ಮೇಜಿನ ಕೆಳಗೆ ಏನನ್ನೋ ಹುಡುಕುತ್ತಿದ್ದರು.

9. ಸಾಹೇಬರು ಊಟಕ್ಕೆ ಹೋಗಿದ್ದರು. ಅಧೀಕ್ಷಕರು ಕಪ್ಪು ತೊಳೆಯಲು ಹೋಗಿದ್ದರು. ಆ ವೇಳೆಯಲ್ಲಿ ಶ್ರೀಮತಿ ಭಾಗ್ಯಾ ಅವರು ಯಾವುದೇ ಪೂರ್ವಾನುಮತಿ ಇಲ್ಲದೆ ಫ್ಯಾನಿನ ತಂತಿ ಕಿತ್ತರು. ತಟ್ಟೆಯದನ್ನು ಕಿತ್ತರು. ಮೊಬೈಲಿನದನ್ನು ಕಿತ್ತರು. ದೀಪದ ಸರ ಕೀಳುವ ಮುನ್ನ ಬಸವಣ್ಣನವರಿಗೆ ಕೈ ಮುಗಿದರೆಂದು, ಆ ಹೊತ್ತಿಗೆ ಮೇಜಿನ ಕೆಳಗಿನಿಂದ ಎದ್ದಿದ್ದ ಪ್ರಭು ಸಾಕ್ಷಿ ನುಡಿದಿದ್ದಾರೆ. ಕೊನೆಗೆ ಹಬ್ಬನ್ನೂ ಕಿತ್ತೆಸೆದು, ಅಮಾನತ್ತಿನಲ್ಲಿದ್ದ ಬೆರಳಿನ ಯಂತ್ರವನ್ನು ಕಪಾಟಿನಿಂದ ತೆಗೆದು ಲ್ಯಾಪ್‌ಟಾಪ್‌ಗೆ ನೇರವಾಗಿ, ಪೂರ್ತಿಯಾಗಿ ಜೋಡಿಸಿದರು. ಎಚ್ಚರಿಕೆ ಬರಲಿಲ್ಲ. ಯಂತ್ರದಲ್ಲಿ ದೀಪ ಹತ್ತಿತು. ಶಿವಗಂಗವ್ವ ಬೆರಳು ಒತ್ತಿದರು. ಬೆರಳು ದಾಖಲಾಯಿತು.

10. ತೂಬು ತೆಗೆಯುವ ಮುತ್ತಪ್ಪ ಅವರು ತೂಬು ತೆಗೆದರು. ಉಪಕರಣಗಳ ಹಿರಿತನ ಉಲ್ಲಂಘನೆಯಾಗಿರುವಾಗ ನೀರು ಬಿಟ್ಟದ್ದೇಕೆಂದು ಕೇಳಲಾಗಿ, “ಬೆರಳ ಬಿದ್ದೈತಿ ಅಂದ್ರು, ತೂಬ ತಗದ್ನಿ. ಯಾರ ಪ್ಲಗ್ ಎಲ್ಲೈತಿ ಅಂತ ನೀರ ಕೇಳೂದಿಲ್ರಿ” ಎಂದು ಉತ್ತರಿಸಿದ್ದಾರೆ. ನೀರಿನ ಈ ಧೋರಣೆಯನ್ನು ಹಿಡಕಲ್ ಅಣೆಕಟ್ಟೆಯವರ ಗಮನಕ್ಕೆ ತರಲಾಗುವುದು.

11. ಅನಧಿಕೃತ ನೀರನ್ನು ಹಿಂಪಡೆಯಲು ತಂಡವೊಂದು ಸದರಿ ಹೊಲಕ್ಕೆ ಭೇಟಿ ನೀಡಿತು. ಹರಿದ ನೀರನ್ನು ಹಿಂಪಡೆಯಲು ನಿಯಮಗಳಲ್ಲಿ ಅವಕಾಶ ಕಂಡುಬರಲಿಲ್ಲ. ತಂಡದ ಸದಸ್ಯರೊಬ್ಬರ ಚಪ್ಪಲಿ ಕೆಸರಿನಲ್ಲಿ ಉಳಿದಿದ್ದು, ಅದನ್ನು ಮಹಜರಿಗೆ ಸೇರಿಸಲಾಗಿದೆ. ಸಸಿಗಳು ಎದ್ದು ನಿಂತಿದ್ದವು. ಇದು ಅಧಿಕಾರಿಗಳು ಬಂದುದಕ್ಕೆ ತೋರಿದ ಗೌರವವೆಂದು ವರದಿಯಲ್ಲಿ ಬರೆಯಲಾಗಿದೆ.

12. ಶ್ರೀಮತಿ ಭಾಗ್ಯಾ ಅವರಿಂದ ಲಿಖಿತ ವಿವರಣೆ ಕೇಳಲಾಯಿತು. ಅವರು ನಿಂತಲ್ಲಿಯೇ ಬಾಯಿಂದ ನೀಡಿದ ವಿವರಣೆಯನ್ನು ಇದ್ದಂತೆಯೇ ಬರೆದುಕೊಳ್ಳಲಾಗಿದೆ: “ಎಲ್ಲಾ ನಾನ ತಗದೇನ್ರಿ. ಯಾರೂ ಹೇಳಿಕೊಟ್ಟಿಲ್ರಿ. ನೌಕರಿ ಹೋಗತೈತಿ ಅಂತ ಗೊತ್ತಿತ್ರಿ. ಮನ್ಯಾಗ ದುಡಿಯಾಕಿ ನಾ ಒಬ್ಬಾಕೀನ ಅದೇನ್ರಿ. ಆದ್ರ ಆ ಅಗಿ ಕಣ್ಣ ಮುಂದ ಬಿದ್ದಿತ್ರಿ. ನಾಳಿ ಬರ್ರಿ ಅಂತ ಇನ್ನೊಮ್ಮೆ ಅನ್ನಾಕ ಬಾಯಿ ಬರಲಿಲ್ರಿ. ತಪ್ಪಂದ್ರ ತಪ್ಪ ಅಂತ ಬರಕೋರಿ.” ಇದನ್ನು ಬರೆದುಕೊಂಡ ಅಧೀಕ್ಷಕರು ಅಂದು ಚಹಾ ಕುಡಿಯಲಿಲ್ಲ. ತಟ್ಟೆ ಕೆಲಸ ಮಾಡುತ್ತಿರಲಿಲ್ಲವೆಂಬುದು ಅದಕ್ಕೆ ಪೂರ್ತಿ ಕಾರಣವಲ್ಲ.

13. ನಿಯಮ ನಿಯಮವೇ. ಬೆರಳಿನ ಯಂತ್ರವನ್ನು ಮತ್ತೆ ಕಪಾಟಿಗೆ ಸೇರಿಸಿ, ಉಳಿದೆಲ್ಲ ಉಪಕರಣಗಳನ್ನು ಹಬ್ ಸಮೇತ ಹಿರಿತನದ ಕ್ರಮದಲ್ಲಿ ಮರುಜೋಡಿಸಿ, ಶ್ರೀಮತಿ ಭಾಗ್ಯಾ ಅವರನ್ನು ಕೆಲಸದಿಂದ ತೆಗೆಯುವ ಆದೇಶವನ್ನು ಸಿದ್ಧಪಡಿಸಲಾಯಿತು. ಇಂತಹ ಆದೇಶಗಳಿಗೆ ಸಾಹೇಬರು ಡಿಜಿಟಲ್ ಸಹಿ ಮಾಡತಕ್ಕದ್ದಾಗಿದ್ದು, ಆ ಸಹಿಯು ಬೆರಳಗಲದ ಒಂದು ಕೀಲಿಯಲ್ಲಿ ಇರುತ್ತದೆ. ಕೀಲಿಯನ್ನು ಯುಎಸ್‌ಬಿ ಕಿಂಡಿಗೆ ಜೋಡಿಸಬೇಕು. ಕೀಲಿ ಈ ತಿಂಗಳಷ್ಟೇ ಬಂದದ್ದರಿಂದ ಹಿರಿತನದಲ್ಲಿ ಎಲ್ಲಕ್ಕಿಂತ ಕೆಳಗಿದೆ. ಅದನ್ನು ಕೊನೆಯಲ್ಲಿ ಜೋಡಿಸಲಾಯಿತು. ಹೆಚ್ಚು ವಿದ್ಯುತ್ ಬಳಸುತ್ತಿರುವ ಉಪಕರಣವನ್ನು ತೆಗೆಯುವಂತೆ ಎಚ್ಚರಿಕೆ ಬಂದಿತು. ಸಹಿ ಬೀಳಲಿಲ್ಲ.

14. ಸಾಹೇಬರ ಸ್ವಂತ ಕೀಲಿಯನ್ನು ಅಮಾನತ್ತಿನಲ್ಲಿಡಲು ಸಾಹೇಬರ ಸಹಿ ಬೇಕು. ಫ್ಯಾನನ್ನು ಕಿತ್ತರೆ ಕೀಲಿಗೆ ವಿದ್ಯುತ್ ಸಿಗುತ್ತದೆ. ಆದರೆ ಫ್ಯಾನು ಕೀಳುವುದೇ ಆದೇಶದಲ್ಲಿ ಕಾಣಿಸಿದ ಅಪರಾಧ. ಅದನ್ನು ಮಾಡುವ ಎದೆಗಾರಿಕೆ ಇರುವ ಸಿಬ್ಬಂದಿ ಈ ಘಟಕದಲ್ಲಿ ಒಬ್ಬರೇ ಇದ್ದಾರೆ. ಅವರನ್ನು ಕರೆದು, ಆದೇಶಕ್ಕೆ ಸಹಿ ಬೀಳುವಷ್ಟು ಹೊತ್ತು ಉಳಿದವುಗಳನ್ನು ತೆಗೆದುಕೊಡುವಂತೆ ಸಾಹೇಬರೇ ಖುದ್ದಾಗಿ ಕೋರಿದರು. ಶ್ರೀಮತಿ ಭಾಗ್ಯಾ ಅವರು ತೆರೆಯ ಮೇಲಿನ ಎಚ್ಚರಿಕೆಯನ್ನೂ ಸಾಹೇಬರ ಮುಖವನ್ನೂ ಸಾವಕಾಶವಾಗಿ ನೋಡಿ, “ಬ್ಯಾಡ್ರಿ ಸರ್, ಹಿರಿತನ ಕೆಡತೈತಿ” ಎಂದು ಉತ್ತರಿಸಿರುತ್ತಾರೆ.

15. ಆದ್ದರಿಂದ, ಫ್ಯಾನು, ತಟ್ಟೆ, ಮೊಬೈಲು ಹಾಗೂ ದೀಪದ ಸರ ವಯೋನಿವೃತ್ತಿ ಹೊಂದಿ ಕೀಲಿಗೆ ಸರದಿ ಬರುವವರೆಗೆ ಶ್ರೀಮತಿ ಭಾಗ್ಯಾ ಅವರು ಕೆಲಸದಲ್ಲಿ ಮುಂದುವರಿಯತಕ್ಕದ್ದೆಂದು ಈ ಮೂಲಕ ಆದೇಶಿಸಲಾಗಿದೆ. ಈ ಅವಧಿಯಲ್ಲಿ ರೈತರ ಬೆರಳು ಹೇಗೆ ದಾಖಲಾಗುತ್ತಿದೆ ಎಂಬುದನ್ನು ಯಾರೂ ತಿರುಗಿ ನೋಡತಕ್ಕದ್ದಲ್ಲ.

(ಸಹಿ ಬಾಕಿ ಇದೆ)
ಘಟಕಾಧಿಕಾರಿಗಳು
ಪಾಳಿ ದಾಖಲು ಘಟಕ, ಹುಕ್ಕೇರಿ

ಪ್ರತಿಗಳು:
1. ಗೋಕಾಕ ಘಟಕಕ್ಕೆ, ಮಾಹಿತಿಗಾಗಿ.
2. ಮೂಡಲಗಿ ಘಟಕಕ್ಕೆ, ಟಪಾಲಿನ ಮೂಲಕ.
3. ಗುಮಾಸ್ತ ಪ್ರಭು ಅವರಿಗೆ, ಬಸವಣ್ಣನವರ ಮುಂದೆ ಒಮ್ಮೆ ಓದಿ ಹೇಳಲು.
4. ಶ್ರೀಮತಿ ಭಾಗ್ಯಾ ಅವರಿಗೆ. ಇದನ್ನು ಟೈಪು ಮಾಡಿದವರೂ ಅವರೇ ಆದ್ದರಿಂದ ಪ್ರತ್ಯೇಕ ಪ್ರತಿ ಅನಗತ್ಯ.
5. ಶಿವಗಂಗವ್ವ, ಘೋಡಗೇರಿ. ಪ್ರತಿ ಕೊಡಲು ಹೋದಾಗ ಸದರಿಯವರು ಮೆಣಸಿನ ಹೊಲದಲ್ಲಿ ಕಳೆ ತೆಗೆಯುತ್ತಿದ್ದು, ಕೈ ಬಿಡುವಿಲ್ಲವೆಂದು ತಿಳಿಸಿರುತ್ತಾರೆ.