ತುರ್ವಿಹಾಳದ ಕಕ್ಕೆಮರ ಮತ್ತು ಅದರ ಇನ್ನೂರಾ ಹನ್ನೆರಡು ಒಡೆಯರು

ತುರ್ವಿಹಾಳದಲ್ಲಿ ಮನೆಯಂಗಳದ ಹೂಮರಗಳು ಇನ್ನೂರಾ ಹನ್ನೆರಡು ಇವೆ. ಇದು ದಾಖಲೆ. ಕಣ್ಣಿಗೆ ಕಾಣುವುದು ಒಂದೇ ಮರ. ಇದು ಬರಿಯ ಸಂಗತಿ. ಇದರ ಮೇಲೆ ಯಾರ ಸಹಿಯೂ ಇಲ್ಲ, ಮೊಹರೂ ಇಲ್ಲ.

ಆ ಒಂದು ಮರ ಗದ್ದೆಮ್ಮನ ಅಂಗಳದ ಕಕ್ಕೆ. ಗದ್ದೆಮ್ಮ ಭತ್ತದ ನಾಟಿ ಕೂಲಿಗೆ ಹೋಗುವವಳು, ಗಂಡ ಮಾಳಿಂಗಪ್ಪ ಕುರಿ ಕಾಯುವವನು. ಒಂಬತ್ತು ವರ್ಷದ ಹಿಂದೆ ಕಾಲುವೆ ದಂಡೆಯಲ್ಲಿ ಬಿದ್ದಿದ್ದ ಕಕ್ಕೆಕಾಯಿಯನ್ನು ಒಡೆದು, ಬೀಜವನ್ನು ಕಲ್ಲಿಗೆ ಉಜ್ಜಿ, ಬಿಸಿನೀರಿನಲ್ಲಿ ನೆನೆಸಿ, ತೂತುಬಿದ್ದ ಕೊಡದಲ್ಲಿ ಅವಳು ಊರಿದ್ದಳು. ಸಸಿಯನ್ನು ಅಂಗಳಕ್ಕೆ ಇಳಿಸಿದ ಮೇಲೆ ಸುತ್ತ ಜಾಲಿಮುಳ್ಳು ಹಚ್ಚಿದಳು. ಮುಳ್ಳು ಮುಖ್ಯವಾಗಿ ಗಂಡನ ಕುರಿಗಳ ಸಲುವಾಗಿ. ಎಂಟನೆಯ ಬೇಸಿಗೆಗೆ ಮರ ಎಲೆಯೆಲ್ಲ ಉದುರಿಸಿ ಮೈತುಂಬ ಹಳದಿ ಗೊಂಚಲು ಇಳಿಬಿಟ್ಟಿತು.

"ಅರಿಷಿಣ ಹಚ್ಚಿದ ಮದುಮಗಳು ನಿಂತಂಗ ಐತಿ" ಎಂದಳು ಗದ್ದೆಮ್ಮ. ಮಗಳು ಅಂಜಲಿಯ ಲಗ್ನ ಇದರ ಕೆಳಗೇ ಆಗಬೇಕೆಂದು ಅವತ್ತೇ ಗಂಡನಿಗೆ ಹೇಳಿದಳು. ಮುಂದಿನ ವರ್ಷವೇ ವರ ಸಿಕ್ಕಿದ, ವೈಶಾಖದಲ್ಲಿ ಮುಹೂರ್ತವೂ ಸಿಕ್ಕಿತು.

ದಾಖಲೆಯ ಮರಗಳ ಇತಿಹಾಸ ಬೇರೆ. ಮೂರು ವರ್ಷದ ಹಿಂದೆ ಮನೆಯಂಗಳ ಪುಷ್ಪವೃಕ್ಷ ಪ್ರಾಧಿಕಾರದವರು ಲಿಂಗಸುಗೂರಿನಿಂದ ಲಾರಿಯಲ್ಲಿ ಸಸಿ ತಂದು ಬಸ್‌ಸ್ಟ್ಯಾಂಡಿನಲ್ಲಿ ಇಳಿಸಿದ್ದರು. ಏಪ್ರಿಲ್ ತಿಂಗಳು, ಮಧ್ಯಾಹ್ನ ಹನ್ನೆರಡು ಗಂಟೆ. ಹಸಿರಿನ ಮಹತ್ವದ ಕುರಿತು ಐದು ಜನ ಮಾತಾಡಿದರು. ಮೂರನೆಯವರು ಮಾತು ಮುಗಿಸುವಷ್ಟರಲ್ಲಿ ಸಸಿಗಳು ಒಣಗಿದ್ದವು. ಆದರೂ ಇನ್ನೂರಾ ಹನ್ನೆರಡು ಜನ ಶಿಸ್ತಿನಿಂದ ಸಾಲುನಿಂತು ಹೆಬ್ಬೆಟ್ಟು ಒತ್ತಿ ಒಯ್ದರು, ಏಕೆಂದರೆ ಪ್ರತಿ ಸಸಿಗೂ ಆಸರೆಯಾಗಿ ಒಂದೊಂದು ಬಿದಿರುಕೋಲು ಕೊಟ್ಟಿದ್ದರು. ಆ ಕೋಲುಗಳ ಮೇಲೆ ಇವತ್ತಿಗೂ ಊರಿನ ಬಟ್ಟೆ ಒಣಗುತ್ತಿದೆ. ಗದ್ದೆಮ್ಮ ಅಂದು ಕೂಲಿಗೆ ಹೋಗಿದ್ದಳು. ಸಂಜೆ ಕರೆದು ಕೇಳಿದರೆ "ನಂದು ಗಿಡ ಐತ್ರೀ" ಎಂದುಬಿಟ್ಟಳು. ಹೀಗಾಗಿ ಪಟ್ಟಿಯಲ್ಲಿ ಅವಳ ಹೆಸರು ಸೇರಲಿಲ್ಲ.

ಈ ವರ್ಷ ಮೇಲಿನಿಂದ ತಪಾಸಣೆ ಬರುತ್ತದೆಂದು ಆದೇಶವಾಯಿತು. ಪ್ರಾಧಿಕಾರದ ಪುಷ್ಪ ನಿರೀಕ್ಷಕ ಸಿದ್ದಲಿಂಗೇಶ ಮೂರು ದಿನ ಮೊದಲೇ ಬಂದು ಊರೆಲ್ಲ ಸುತ್ತಿ, ಕೊನೆಗೆ ಗದ್ದೆಮ್ಮನ ಅಂಗಳದಲ್ಲಿ ನಿಂತು ಬೆವರು ಒರೆಸಿಕೊಂಡ.

"ಈ ಗಿಡ ಯಾರ್ದವ್ವ?"

"ನಂದ್ರೀ ಸಾಹೇಬ್ರ."

"ಕಾಗದ ಐತೇನು?"

"ಗಿಡಾನ ಐತಲ್ರೀ."

"ಗಿಡ ಇದ್ದು ಏನ್ ಮಾಡ್ತಿ? ಗಿಡ ಇವತ್ತಿದ್ದು ನಾಳೆ ಸಾಯ್ತೈತಿ. ಕಾಗದ ಸಾಯಂಗಿಲ್ಲ."

ಅದೇ ಸಂಜೆ ಆಟೋದಲ್ಲಿ ಮೈಕು ಕಟ್ಟಿ ಪ್ರಕಟಣೆ ಹೊರಡಿಸಲಾಯಿತು: "ಸಾರ್ವಜನಿಕರ ಗಮನಕ್ಕೆ. ನಿಯಮ ಏಳರ ಪ್ರಕಾರ, ಯಾವ ಮನೆಯಿಂದ ನೋಡಿದರೆ ಹೂವು ಕಾಣುವುದೋ ಆ ಮನೆಯವರು ಸದರಿ ಮರದ ಒಡೆಯರೆಂದು ಭಾವಿಸತಕ್ಕದ್ದು. ಹೂವು ಕಾಣದ ಫಲಾನುಭವಿಗಳು ಮಾಳಿಗೆ ಹತ್ತಿ ನೋಡತಕ್ಕದ್ದು."

ಊರಿನಲ್ಲಿ ಎಲ್ಲಕ್ಕಿಂತ ಎತ್ತರದ ಮಾಳಿಗೆ ಸಾವಕಾರ ಬಸವಂತರಾಯರದು. ಕಸ ಬೀಳುತ್ತದೆಂದು ಅಂಗಳಕ್ಕೆಲ್ಲ ಟೈಲ್ಸ್ ಹಾಕಿಸಿ, ಇದ್ದ ಒಂದು ಬೇವನ್ನೂ ತೆಗೆಸಿದ್ದವರು ಅವರು. ಆದರೆ ಹೂವು ಎಲ್ಲರಿಗಿಂತ ಚೆನ್ನಾಗಿ ಅವರಿಗೇ ಕಂಡದ್ದರಿಂದ ಒಂದನೇ ನಂಬರಿನ ಒಡೆಯರಾದರು. ಗದ್ದೆಮ್ಮ ತನ್ನ ಹೆಸರೂ ಬರೆದುಕೊಳ್ಳಿರೆಂದು ಕೇಳಿದಳು. ಮರದ ಬುಡದಲ್ಲಿ ಇರುವವರಿಗೆ ಮರ ಪೂರ್ತಿ ಕಾಣುವುದಿಲ್ಲವಾದ್ದರಿಂದ ಅವಳ ಮನವಿಯನ್ನು ಪರಿಗಣಿಸಲು ಬರಲಿಲ್ಲ.

ಮರುದಿನ ಫೋಟೋ. ಇನ್ನೂರಾ ಹನ್ನೆರಡು ಒಡೆಯರು ಸರದಿಯಂತೆ ಕಕ್ಕೆಯ ಮುಂದೆ ನಿಂತು, ಒಂದೇ ಬಕೀಟಿನಿಂದ ನೀರು ಹಾಕುತ್ತ ನಕ್ಕರು. ಅವರಲ್ಲಿ ಹದಿನಾಲ್ಕು ಜನ ಈ ನಡುವೆ ತೀರಿಹೋಗಿದ್ದರಿಂದ ಕಟ್ಟುಹಾಕಿಸಿದ ಭಾವಚಿತ್ರದ ರೂಪದಲ್ಲಿ ಹಾಜರಾದರು. ಸಂಜೆಯ ಹೊತ್ತಿಗೆ ಅಂಗಳದಲ್ಲಿ ಮೊಣಕಾಲುಮಟ್ಟ ಕೆಸರು. ಗದ್ದೆಮ್ಮ ಹೊಸ್ತಿಲ ಮೇಲೆ ನಿಂತು, "ನಾಕು ಕಟ್ಟು ಭತ್ತದ ಸಸಿ ಇದ್ದಿದ್ರ ನಾಟಿ ಹಚ್ಚಿಬಿಡ್ತಿದ್ದೆ" ಎಂದಳು.

ಮೇಲಿನ ಅಧಿಕಾರಿ ಬಂದರು, ಫೋಟೋ ನೋಡಿದರು. "ಎಲ್ಲಾ ಮರ ಒಂದೇ ಥರ ಅದಾವಲ್ರೀ?"

"ಒಂದೇ ತಳಿ, ಸಾರ್" ಎಂದ ಸಿದ್ದಲಿಂಗೇಶ.

ಇಷ್ಟೊಂದು ಏಕರೂಪತೆಯನ್ನು ತಾವು ಎಲ್ಲಿಯೂ ಕಂಡಿಲ್ಲವೆಂದು ಅಧಿಕಾರಿ ಷರಾ ಬರೆದು, ಬಹುಮಾನ ಘೋಷಿಸಿ ಹೋದರು. ಬಹುಮಾನ ವಿತರಣೆಯವರೆಗೆ ಮರವನ್ನು ಕಾಯ್ದಿರಿಸಲಾಯಿತು. ಸುತ್ತ ಕೆಂಪು ಪಟ್ಟಿ ಕಟ್ಟಿ ಹಲಗೆ ನೇತುಹಾಕಿದರು: ಒಡೆಯರಿಗೆ ಮಾತ್ರ ಪ್ರವೇಶ.

ಲಗ್ನಕ್ಕೆ ಎಂಟು ದಿನ ಉಳಿದಿತ್ತು. ಗಂಡ ಹೆಂಡತಿ ಲಗ್ನಪತ್ರಿಕೆ ಹಿಡಿದು ಲಿಂಗಸುಗೂರಿನ ಬಸ್ಸು ಹತ್ತಿದರು. ಕಚೇರಿಯಲ್ಲಿ ಸಿದ್ದಲಿಂಗೇಶ ಪತ್ರಿಕೆಯನ್ನು ಎರಡು ಸಲ ಓದಿದ.

"ಸ್ಥಳ, ಕಕ್ಕೆಗಿಡದ ಕೆಳಗ ಅಂತ ಅಚ್ಚು ಹಾಕ್ಸೀರಿ. ಯಾರನ್ನ ಕೇಳಿ ಹಾಕ್ಸಿದ್ರಿ?"

"ನಮ್ಮ ಅಂಗಳ ಅಲ್ರೀ ಸಾಹೇಬ್ರ" ಎಂದಳು ಗದ್ದೆಮ್ಮ.

"ಅಂಗಳ ನಿಮ್ದು. ಯಾರು ಇಲ್ಲಂದ್ರು? ನೆರಳು ಪ್ರಾಧಿಕಾರದ್ದು."

ಮಾಳಿಂಗಪ್ಪ ಮಾತು ಕಡಿಮೆಯ ಮನುಷ್ಯ. ಹೆಗಲ ಮೇಲಿನ ಕೊಡಲಿ ಇಳಿಸಿ, "ಹಂಗಾದ್ರ ಗಿಡಾನ ಕಡದು ಒಗೀತೀನ್ರೀ" ಎಂದ. ಗದ್ದೆಮ್ಮ ಗಂಡನ ತೋಳು ಹಿಡಿದಳು. ಒಂಬತ್ತು ವರ್ಷ ಅವನ ಕುರಿಗಳಿಂದ ಕಾಪಾಡಿದ ಮರ ಅದು.

ಸಿದ್ದಲಿಂಗೇಶ ಗಾಬರಿಯಾಗಲಿಲ್ಲ. "ಕಡೀರಿ, ನಂದೇನು ತಕರಾರಿಲ್ಲ. ಇನ್ನೂರಾ ಹನ್ನೆರಡು ಮಂದಿ ದಸ್ಕತ್ತು ತರ್ರಿ. ಸತ್ತವರ್ದು ಮೊದ್ಲು ತರ್ರಿ, ಆಮ್ಯಾಲ ಅವರು ಸಿಗಂಗಿಲ್ಲ."

ಗದ್ದೆಮ್ಮನ ಕಣ್ಣಲ್ಲಿ ನೀರು ಬಂತು. ನೀರು ಕಂಡದ್ದರಿಂದ ಸಿದ್ದಲಿಂಗೇಶನ ಮನಸ್ಸು ಕರಗಿತು, ಕಡತದಲ್ಲಿ ಒಂದು ದಾರಿ ಸಿಕ್ಕಿತು. ಲಗ್ನಕ್ಕೆ ಅವಕಾಶವಿಲ್ಲ, ಜಾಗೃತಿ ಕಾರ್ಯಕ್ರಮಕ್ಕೆ ಇದೆ. ಬಹುಮಾನ ವಿತರಣೆಯನ್ನೂ ಅದೇ ದಿನ ಇಟ್ಟುಕೊಂಡರೆ ಹಂದರ, ಕುರ್ಚಿ, ಊಟ ಪ್ರಾಧಿಕಾರಕ್ಕೆ ಪ್ರತ್ಯೇಕ ಬೇಕಾಗುವುದಿಲ್ಲ.

ಹಾಗೇ ಆಯಿತು. ಹಂದರದ ಮುಂದೆ ಬ್ಯಾನರು ಕಟ್ಟಿದರು. ಅಂಜಲಿ ಮತ್ತು ವರನನ್ನು 'ಮಾದರಿ ಫಲಾನುಭವಿ ದಂಪತಿ' ಎಂದು ಕೂರಿಸಿದರು. ಮುಹೂರ್ತ ಹನ್ನೊಂದು ಇಪ್ಪತ್ತಕ್ಕೆ. ಮರಗಳನ್ನು ಮಕ್ಕಳಂತೆ ಬೆಳೆಸುವ ಬಗ್ಗೆ ಮೇಲಿನ ಅಧಿಕಾರಿಯ ಭಾಷಣ ಹನ್ನೊಂದಕ್ಕೆ ಶುರುವಾಗಿ ಮುಹೂರ್ತ ದಾಟಿತು. ಲಗ್ನ ಮಾಡಿಸುವ ಅಯ್ಯನವರು ಚಡಪಡಿಸಿದರು.

"ಹೊತ್ತು ಮೀರಾಕತ್ತೈತ್ರೀ, ಸಾಹೇಬ್ರ."

"ಹಿಂದಿನ ಟೈಮ್ ಹಾಕ್ಕೋರಿ ಅಯ್ಯಾರ. ನಾವು ಆಫೀಸಿನ್ಯಾಗ ಹಂಗ ಮಾಡೂದು" ಎಂದು ಸಿದ್ದಲಿಂಗೇಶ ಕಿವಿಯಲ್ಲಿ ಹೇಳಿದ.

ಭಾಷಣ ಮುಗಿದದ್ದೇ ಜನ ಸಮಾಧಾನದಿಂದ ಅಕ್ಕಿಕಾಳು ಎರಚಿದರು. ತಾಳಿ ಅದಕ್ಕೆ ಮೊದಲು ಕಟ್ಟಿದರೋ ಆಮೇಲೋ ವರದಿಯಲ್ಲಿ ಸ್ಪಷ್ಟವಿಲ್ಲ. ಉತ್ತಮ ಹೂಮರ ಬೆಳೆಗಾರ ಪ್ರಶಸ್ತಿಯನ್ನು ಬಸವಂತರಾಯರಿಗೆ ಕೊಟ್ಟು ಶಾಲು ಹೊದಿಸಿದರು. ಮರ ಬೆಳೆಸುವ ಕಷ್ಟ ಬೆಳೆಸಿದವರಿಗೇ ಗೊತ್ತು ಎಂದು ಅವರು ಗದ್ಗದಿತರಾದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಗದ್ದೆಮ್ಮನೂ ತಟ್ಟಿ, ಹಾಜರಿ ಪುಸ್ತಕದ 'ನೆರೆದ ಸಾರ್ವಜನಿಕರು' ಎಂಬಲ್ಲಿ ಹೆಬ್ಬೆಟ್ಟು ಒತ್ತಿದಳು.

ಗಂಡನ ಮನೆಗೆ ಹೊರಟ ಅಂಜಲಿ ಟೆಂಪೋ ಹತ್ತುವ ಮುಂಚೆ, "ಯವ್ವಾ, ಒಂದು ಗೊಂಚಲ ಕೊಡು" ಎಂದಳು. ಗದ್ದೆಮ್ಮ ಕೈ ಎತ್ತಿದವಳು ಕೆಂಪು ಪಟ್ಟಿಯ ಈಚೆಗೇ ನಿಂತಳು. ಸಿದ್ದಲಿಂಗೇಶ ನಿಯಮ ನೋಡಿ, ಉದುರಿದ ಹೂವುಗಳು ಅವಧಿ ಮೀರಿದವಾದ್ದರಿಂದ ಆರಿಸಿಕೊಳ್ಳಬಹುದೆಂದ. ಅಂಜಲಿ ಬಗ್ಗಿ ಸೆರಗಿನ ತುಂಬ ಆರಿಸಿಕೊಂಡಳು. ಅವಳು ಅಳುತ್ತಿದ್ದಳು, ಮದುಮಗಳು ಅಳುವುದು ವಾಡಿಕೆ.

ಎಲ್ಲರೂ ಹೋದ ಮೇಲೆ ಬಸವಂತರಾಯರು ಶಾಲು ಮಡಚಿ ಬಗಲಲ್ಲಿಟ್ಟುಕೊಂಡು ಬಂದರು.

"ಗದ್ದೆಮ್ಮ, ನಮ್ಮ ಗಿಡ ಚೊಲೋ ನೋಡ್ಕೋ. ದಿನಾ ಬುಡದಾಗ ಕಸ ಹೊಡಿ."

"ಹೂಂ ರೀ, ಸಾವಕಾರ್ರ."

ಅವಳು ಕಸಬರಿಗೆ ತಂದು ಬಿದ್ದ ಹೂ ಗುಡಿಸತೊಡಗಿದಳು. ಹೊತ್ತು ಇಳಿಯುವಾಗ ಮಾಳಿಂಗಪ್ಪ ಕುರಿ ಹೊಡೆದುಕೊಂಡು ಬಂದು ಪಟ್ಟಿಯ ಆಚೆ ನಿಂತ.

"ಏ, ನೆಳ್ಳಾಗ ಒಂದೀಟು ಕುಂದರ್ಲ್ಯಾ?"

"ಸಾವಕಾರ್ರನ್ನ ಕೇಳಿ ಬಾ" ಎಂದಳು ಗದ್ದೆಮ್ಮ, ಗುಡಿಸುವುದನ್ನು ನಿಲ್ಲಿಸದೆ.

ಮಾಳಿಂಗಪ್ಪ ಹೋಗಿ, ಕೇಳಿ ಬಂದು, ಕುಂತ.