ತೆಂಗಿಗೇನು ಪ್ರಯೋಜನ?

ಪ್ರಶ್ನೆಯೇ ಸಕಲ ಜ್ಞಾನದ ಮೂಲವೆಂದು ಹಿರಿಯರು ಗಂಭೀರವಾಗಿ ಹೇಳಿದ್ದಾರೆ. ಆ ಹಿರಿಯರಾರೂ ಸಭೆಯಲ್ಲಿ ನಮ್ಮಣ್ಣನ ಪಕ್ಕ ಕುಳಿತವರಲ್ಲ!

ಅರಸೀಕೆರೆಯ ಯಾವ ಸಭೆಯೂ ಅವನಿಲ್ಲದೆ ಆರಂಭವಾಗದು, ಅವನ ಪ್ರಶ್ನೆಯಿಲ್ಲದೆ ಮುಗಿಯದು. ಪ್ರಶ್ನೆ ಒಂದೇ: "ಸ್ವಾಮೀ, ಇದ್ರಿಂದ ತೆಂಗಿಗೇನು ಪ್ರಯೋಜನ?" ಕಣ್ಣಿನ ತಪಾಸಣಾ ಶಿಬಿರದಲ್ಲೂ ಕೇಳಿದ. "ಕಾಯಿ ಬೀಳೋದು ಮೊದ್ಲೇ ಕಾಣುತ್ತೆ ಯಜಮಾನ್ರೇ, ತಲೆ ಉಳಿಯುತ್ತೆ" ಎಂದು ಡಾಕ್ಟರು ಪಾರಾದರು. ಹಳೇಬೀಡಿನ ಶಿಲ್ಪಗಳ ಬಗ್ಗೆ ಮಾತಾಡಲು ಬಂದಿದ್ದ ವಿದ್ವಾಂಸರು ಪಾರಾಗಲಿಲ್ಲ. ನಮ್ಮೂರಿನಿಂದ ಆಹ್ವಾನ ಹೋದರೆ ಅವರು ಈಗಲೂ ಮೊದಲು ವಿಚಾರಿಸುವುದು, "ಮುಂದಿನ ಸಾಲಿನಲ್ಲಿ ಯಾರಿರ್ತಾರೆ?"

ಇಂಥ ಊರಿನ ಕಾಲೇಜಿಗೆ ಜೈವಿಕ ಮಾಹಿತಿ ವಿಜ್ಞಾನದ ರಾಷ್ಟ್ರೀಯ ಸಮ್ಮೇಳನ ಬಂತು! ಜೀವಿಗಳ ವಂಶವಾಹಿಗಳನ್ನು ಕಂಪ್ಯೂಟರಿನಲ್ಲಿ ಓದುವ ವಿದ್ಯೆಯಂತೆ. ನನ್ನ ಮಗಳ ಸಂಶೋಧನೆ ಅದರಲ್ಲೇ. ತೆಂಗಿನ ಕಾಂಡ ಸೋರುವ ರೋಗವನ್ನು ತಡೆಯುವ ವಂಶವಾಹಿಗಳು ಅವಳ ವಿಷಯ. ಸಮ್ಮೇಳನದಲ್ಲಿ ಓದುವ ಪ್ರಬಂಧಕ್ಕೆ ಮೊದಲ ಬಹುಮಾನ ಬಂದರೆ ದೊಡ್ಡ ಪ್ರಯೋಗಾಲಯವೊಂದರಲ್ಲಿ ಅವಳಿಗೆ ಜಾಗ.

"ದೊಡ್ಡಪ್ಪಾ, ನಿಮ್ಮ ದಮ್ಮಯ್ಯ, ಏನೂ ಕೇಳ್ಬೇಡಿ. ಪ್ರಬಂಧದ ಹೆಸರಲ್ಲೇ ತೆಂಗಿದೆ."

"ಮಾಲೇಕಲ್ಲು ವೆಂಕಟರಮಣನಾಣೆ, ಬಾಯಿ ಬಿಡಲ್ಲ ಕಣವ್ವಾ."

ಅವಳ ಸರದಿ ಕೊನೆಯದು. ಅದು ಮುಗಿದೊಡನೆ ಪ್ರತಿನಿಧಿಗಳಿಗೆಲ್ಲ ಬೇಲೂರು ಪ್ರವಾಸ. ಬಸ್ಸಾಗಲೇ ಹೊರಗೆ ನಿಂತು ಹಾರನ್ ಹೊಡೆಯುತ್ತಿತ್ತು. ತೀರ್ಪುಗಾರರು ಕೊಡುವ ಅಂಕಗಳಲ್ಲಿ ಅರ್ಧ, ಸಭಿಕರ ಪ್ರಶ್ನೆಗಳಿಗೆ ಉತ್ತರಿಸುವುದಕ್ಕೆ. ಆದರೆ ದೇಶದ ವಿಜ್ಞಾನಿಗಳೆಲ್ಲ ಒಮ್ಮನಸ್ಸಿನಿಂದ ಚೀಲ ಹೆಗಲಿಗೇರಿಸಿದ್ದರು! ಕೇಳುವವರಾರು?

"ಪ್ರಶ್ನೆಗಳಿಲ್ಲವೇ? ಹಾಗಾದರೆ..." ಎಂದರು ಅಧ್ಯಕ್ಷರು. ಮಗಳ ಮುಖ ಬಾಡಿತು.

ಮುಂದಿನ ಸಾಲಿನಲ್ಲಿ ಕುರ್ಚಿ ಕಿರುಗುಟ್ಟಿತು. ನಾನು ಅಣ್ಣನ ಪಂಚೆ ಹಿಡಿದೆಳೆದೆ. "ಅಣ್ಣಾ, ಆಣೆ ಮಾಡಿದ್ದೀಯ!"

"ಬಿಡ್ಲಾ! ವೆಂಕಟರಮಣ ನಾಳೆನೂ ಬೆಟ್ಟದ ಮೇಲೇ ಇರ್ತಾನೆ. ಬಹುಮಾನ ಇರ್ತದಾ?" ಎಂದವನೇ ಎದ್ದು ಗಂಟಲು ಸರಿಮಾಡಿಕೊಂಡ. "ಅಮ್ಮಾ ತಾಯೀ, ಇದ್ರಿಂದ ತೆಂಗಿಗೇನು ಪ್ರಯೋಜನ?"

ಸಭೆಯಿಂದ ಸಭೆಗೆ ಅಲೆದ ಬೀಗದಕೈಗೆ ಕೊನೆಗೂ ಬೀಗ ಸಿಕ್ಕಿತು! ಯಾವ ಸಸಿ ರೋಗ ತಾಳುತ್ತದೆಂದು ತಿಳಿಯಲು ಮರವಾಗುವವರೆಗೆ ಕಾಯಬೇಕಿಲ್ಲ, ಎಳೆಯ ಎಲೆಯೊಂದನ್ನು ಪರೀಕ್ಷಿಸಿ ಹೇಳುವ ದಾರಿ ತೆರೆದಿದೆ ಎಂದಳು ಮಗಳು. ಮೊದಲು ಕನ್ನಡದಲ್ಲಿ, ಆಮೇಲೆ ಇಂಗ್ಲಿಷಿನಲ್ಲಿ. ತೂಕಡಿಸುತ್ತಿದ್ದ ತೀರ್ಪುಗಾರರೊಬ್ಬರು ನೆಟ್ಟಗೆ ಕುಳಿತು, ಹಾಗೆಂದು ನಿಮಗೆ ಹೇಗೆ ಗೊತ್ತಾಯಿತು ಎಂದು ಕೇಳಿದರು. ಪಕ್ಕದವರು ಮತ್ತೊಂದು ಕೇಳಿದರು. ಚೀಲಗಳು ಒಂದೊಂದಾಗಿ ನೆಲಕ್ಕಿಳಿದವು. ಬಸ್ಸು ಹಾರನ್ ಹೊಡೆದು ಹೊಡೆದು ಸುಸ್ತಾಯಿತು. ಮಗಳು ಒಂದಕ್ಕೂ ತಡವರಿಸಲಿಲ್ಲ.

"ನೋಡ್ದೇನ್ಲಾ, ನಮ್ ಹುಡುಗಿ!" ಎಂದು ನನ್ನ ತೊಡೆಗೊಂದು ಹೊಡೆದ ಅಣ್ಣ, ವಂದನಾರ್ಪಣೆಗೂ ಕಾಯದೆ ಎದ್ದು ಹೊರಟ. ಅವನ ಜೀವಮಾನದಲ್ಲಿ ಇಂಥದು ನಡೆದಿರಲಿಲ್ಲ. ಹಿಂದೆಯೇ ಹೋದೆ. ಕಾಲೇಜಿನ ನಲ್ಲಿಯ ಬಳಿ ಮುಖ ತೊಳೆಯುತ್ತಿದ್ದ.

"ಧೂಳು ಕಣ್ಲಾ" ಎಂದ.

ಮೊದಲ ಬಹುಮಾನ ಮಗಳಿಗೆ ಬಂತು. ಬಸ್ಸು ಬೇಲೂರು ಮುಟ್ಟುವ ಹೊತ್ತಿಗೆ ಗುಡಿಯ ಬಾಗಿಲು ಹಾಕಿತ್ತು. ಮರುದಿನ ಮಂಡಿನೋವಿನಲ್ಲೇ ಅಣ್ಣ ಮಾಲೇಕಲ್ಲು ಹತ್ತಿ ತಪ್ಪುಕಾಣಿಕೆ ಹಾಕಿ ಬಂದ. ಮಗಳು ಅವನ ತೋಳು ಹಿಡಿದು ಜೊತೆಗೆ ಹೋಗಿದ್ದಳು.